ಕಾವಲಿಗೆ ಬೆಲೆ ಎಷ್ಟು?

ಹತ್ತನೆಯ ತರಗತಿಯ ಹುಡುಗಿಯೊಬ್ಬಳು ವಿಜ್ಞಾನದ ಪೀರಿಯಡ್ಡಿನಲ್ಲಿ ಎದ್ದು ನಿಂತು ಕೇಳಿದಳು: "ಸಾರ್, ತೈವಾನಿಗೆ ಆಯುಧ ಕೊಡೋಕೆ ಅಮೆರಿಕದವರು ಕಾನೂನೇ ಮಾಡಿಕೊಂಡಿದ್ದಾರಂತೆ. ದೊಡ್ಡ ದೇಶ ಚಿಕ್ಕ ದೇಶಾನ ಸುಮ್ನೆ ಯಾಕೆ ಕಾಯುತ್ತೆ?"

ಪಾಠ ನಡೆಯುತ್ತಿದ್ದುದು ವಿದ್ಯುತ್ ಬಗ್ಗೆ. ಆದರೂ ಪ್ರಶ್ನೆ ಒಳ್ಳೆಯದಾಗಿತ್ತು. ಇದಕ್ಕೆ ಉತ್ತರ ಹುಡುಕಲು ತೈವಾನಿನವರೆಗೆ ಹೋಗಬೇಕಾಗಿಲ್ಲ. ಚಳ್ಳಕೆರೆಯಲ್ಲಿ ಬಳ್ಳಾರಿ ಬಸ್ಸು ಹತ್ತಿ, ತಳಕು, ಹಾನಗಲ್ ದಾಟಿ ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದವರೆಗೆ ಹೋದರೆ ಸಾಕು. ಅಲ್ಲಿಂದ ಮುಂದಿನ ಗಡಿಯಲ್ಲೇ ಉತ್ತರವಿದೆ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ. ಮರುತಿಂಗಳು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೈಸೂರಿನ ಗದ್ದುಗೆಯ ಮೇಲೆ ಕೂರಿಸಲಾಯಿತು. ಜುಲೈ 8ರಂದು ಈಸ್ಟ್ ಇಂಡಿಯಾ ಕಂಪನಿಯೊಡನೆ ಒಪ್ಪಂದವಾಯಿತು. ಅದರ ಮೊದಲ ಕಲಮು ಓದಲು ಬಹಳ ಚೆನ್ನಾಗಿದೆ: ಒಬ್ಬರ ಮಿತ್ರರು ಇಬ್ಬರಿಗೂ ಮಿತ್ರರು, ಒಬ್ಬರ ಶತ್ರುಗಳು ಇಬ್ಬರಿಗೂ ಶತ್ರುಗಳು. ಚಿಕ್ಕ ರಾಜ್ಯಕ್ಕೆ ಇನ್ನೇನು ಬೇಕು?

ಆದರೆ ಮುಂದಿನ ಕಲಮುಗಳನ್ನು ಓದಬೇಕು. ಮೈಸೂರಿನ ರಕ್ಷಣೆಗೆ ಕಂಪನಿ ಸೈನ್ಯ ಇಡುತ್ತದೆ; ಅದರ ಖರ್ಚಿಗೆ ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಕೊಡಬೇಕು. ಯುದ್ಧ ಬಂದರೆ ಹೆಚ್ಚುವರಿ ನೆರವು ಬೇರೆ. ಕಂಪನಿಗೆ ತಿಳಿಸದೆ ಪರರಾಜ್ಯದೊಡನೆ ಪತ್ರವ್ಯವಹಾರ ಕೂಡದು. ಹಣ ಸಲ್ಲುವ ಬಗ್ಗೆ ಅನುಮಾನ ಬಂದರೆ ಗವರ್ನರ್ ಜನರಲ್ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದು. ಪಾಠಪುಸ್ತಕದಲ್ಲಿ ನೀವು ಓದಿರುವ 'ಸಹಾಯಕ ಸೈನ್ಯ ಪದ್ಧತಿ' ಎಂದರೆ ಇದೇ.

ಮೇಷ್ಟ್ರಾದ ಮೇಲೆ ಲೆಕ್ಕ ಹಾಕದೆ ಇರಲಾದೀತೆ? ಒಂದು ಸ್ಟಾರ್ ಪಗೋಡಕ್ಕೆ ಮೂರೂವರೆ ರೂಪಾಯಿ. ಏಳು ಲಕ್ಷಕ್ಕೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ಮಳೆ ಬರಲಿ, ಬಿಡಲಿ, ಪ್ರತಿ ವರ್ಷವೂ ಕಟ್ಟಬೇಕು. ಮಳೆ ಕೈಕೊಟ್ಟ ವರ್ಷ ಕಂದಾಯ ಎಂದರೆ ಏನೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1830-31ರಲ್ಲಿ ನಗರ ಸೀಮೆಯಲ್ಲಿ ರೈತರು ದಂಗೆ ಎದ್ದರು. ಅದೇ ಕಾರಣ ಮುಂದೆ ಮಾಡಿ ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಒಪ್ಪಂದದ ಆ ಕಲಮನ್ನು ಹೊರತೆಗೆದರು. ಆಡಳಿತ ಕಮಿಷನರುಗಳ ಕೈಗೆ ಹೋಯಿತು. ತಾವು ಮಾಡಿದ್ದು ಸರಿಯೇ ಎಂಬ ಶಂಕೆ ಮುಂದೆ ಬೆಂಟಿಂಕರಿಗೇ ಬಂದಿತು. ಆದರೆ ರಾಜ್ಯ ಒಡೆಯರ ಮನೆತನಕ್ಕೆ ಮರಳಿದ್ದು 1881ರಲ್ಲಿ, ಐವತ್ತು ವರ್ಷದ ಬಳಿಕ. ಮರಳಿಸುವಾಗ ವಾರ್ಷಿಕ ಹಣವನ್ನು 35 ಲಕ್ಷಕ್ಕೆ ಏರಿಸಿಯೇ ಮರಳಿಸಿದರು. ಹೆಚ್ಚಿಸಿದ ಹತ್ತೂವರೆ ಲಕ್ಷವನ್ನು ಬಿಟ್ಟುಕೊಡುವುದಾಗಿ ವೈಸರಾಯ್ ಇರ್ವಿನ್ ಪ್ರಕಟಿಸಿದ್ದು 1927ರಲ್ಲಿ.

ಈಗ ರಾಂಪುರದ ಆಚೆಗೆ ನೋಡೋಣ. ಬಳ್ಳಾರಿ, ರಾಯದುರ್ಗದ ಸೀಮೆ ಟಿಪ್ಪುವಿನ ಪತನಾನಂತರ ಹೈದರಾಬಾದಿನ ನಿಜಾಮರ ಪಾಲಿಗೆ ಸೇರಿತ್ತು. ನಿಜಾಮರೂ ಕಂಪನಿಯ ಸೈನ್ಯದ ರಕ್ಷಣೆ ಪಡೆದಿದ್ದರು. ಅವರು ವರ್ಷ ವರ್ಷ ಹಣ ಕೊಡುವ ಬದಲು 1800ರಲ್ಲಿ ಈ ಸೀಮೆಯನ್ನೇ ಕಂಪನಿಗೆ ಬಿಟ್ಟುಕೊಟ್ಟರು. ಬಳ್ಳಾರಿ, ಅನಂತಪುರ, ಕಡಪ ಕಡೆಯ ಪ್ರದೇಶಕ್ಕೆ 'ದತ್ತ ಮಂಡಲ' ಎಂಬ ಹೆಸರು ಬಂದದ್ದು ಹೀಗೆ. ಮೈಸೂರು ಹಣ ತೆತ್ತು ನೆಲ ಉಳಿಸಿಕೊಂಡಿತು; ನಿಜಾಮರು ನೆಲವನ್ನೇ ತೆತ್ತರು. ಮೊಳಕಾಲ್ಮೂರು ಮೈಸೂರಿನಲ್ಲಿ ಉಳಿಯಿತು, ನೆರೆಯ ರಾಯದುರ್ಗ ಮದರಾಸಿನ ಆಡಳಿತಕ್ಕೆ ಹೋಯಿತು. 1953ರಲ್ಲಿ ಬಳ್ಳಾರಿ ನಮ್ಮ ರಾಜ್ಯಕ್ಕೆ ಬಂದಾಗ ರಾಯದುರ್ಗ ಆಂಧ್ರಕ್ಕೆ ಸೇರಿತು. ಗಡಿಯ ಆಚೆ ಈಚೆ ಬೀಗತನ ಇರುವ ಮನೆಗಳಿಗೆ ಇದು ಬರೀ ಇತಿಹಾಸವಲ್ಲ.

ಒಂದು ಮಾತು ಒಪ್ಪಲೇಬೇಕು. 1799ರ ನಂತರ ಪರರಾಜ್ಯದ ದಂಡು ಮೈಸೂರಿನ ಮೇಲೆ ಏರಿ ಬರಲಿಲ್ಲ. ಕೆರೆ ಕಟ್ಟೆ ದುರಸ್ತಿಗೆ ದಿವಾನ್ ಪೂರ್ಣಯ್ಯನವರಿಗೆ ಸಮಯ ಸಿಕ್ಕಿತು. ರಕ್ಷಣೆ ಸುಳ್ಳಾಗಿರಲಿಲ್ಲ. ಆದರೆ ಪುಕ್ಕಟೆಯೂ ಆಗಿರಲಿಲ್ಲ.

ಇಂದಿನ ದಿನಗಳಿಗೆ ಬರೋಣ. ಅಮೆರಿಕ 1979ರ ಜನವರಿ 1ರಂದು ಚೀನಾಕ್ಕೆ ಮಾನ್ಯತೆ ಕೊಟ್ಟು ತೈವಾನಿನೊಡನೆ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ಅದೇ ಏಪ್ರಿಲ್‌ನಲ್ಲಿ 'ತೈವಾನ್ ಸಂಬಂಧಗಳ ಕಾಯಿದೆ' ಜಾರಿಗೆ ಬಂತು. ಆತ್ಮರಕ್ಷಣೆಗೆ ಬೇಕಾದ ಶಸ್ತ್ರಾಸ್ತ್ರ ಒದಗಿಸುತ್ತೇವೆ ಎಂದು ಅದು ಹೇಳುತ್ತದೆ. ಯುದ್ಧವಾದರೆ ಬಂದು ಹೋರಾಡಿಯೇ ತೀರುತ್ತೇವೆ ಎಂದು ಹೇಳುವುದಿಲ್ಲ. ಆ ಹುಡುಗಿ ಓದಬೇಕಾದದ್ದು ಬರೆದ ಸಾಲನ್ನು ಮಾತ್ರವಲ್ಲ, ಬರೆಯದೆ ಬಿಟ್ಟ ಸಾಲನ್ನೂ.

ನಮ್ಮ ದೇಶದ ಕಥೆ ಏನು? 1949ರ ಆಗಸ್ಟ್ 8ರಂದು ಭಾರತ ಪುಟ್ಟ ಭೂತಾನಿನೊಡನೆ ಒಪ್ಪಂದ ಮಾಡಿಕೊಂಡಿತು. ವಿದೇಶ ವ್ಯವಹಾರದಲ್ಲಿ ಭೂತಾನ್ ಭಾರತದ ಸಲಹೆಯಂತೆ ನಡೆಯಬೇಕು ಎಂಬ ಮಾತು ಅದರಲ್ಲೂ ಇತ್ತು. ಹಳೆಯ ಕಾಲದ ವಾಸನೆ ಪೂರ್ತಿ ಹೋಗಿರಲಿಲ್ಲ. ಆದರೆ ಹಣದ ದಿಕ್ಕು ಬದಲಾಗಿತ್ತು. ವರ್ಷಕ್ಕೆ 5 ಲಕ್ಷ ರೂಪಾಯಿ ಕೊಡಬೇಕಾದದ್ದು ದೊಡ್ಡ ದೇಶವಾದ ಭಾರತ! 2007ರಲ್ಲಿ ಒಪ್ಪಂದವನ್ನು ಪರಿಷ್ಕರಿಸಿದಾಗ ಸಲಹೆಯ ಆ ಕಲಮನ್ನೂ ತೆಗೆದರು. ಒಬ್ಬರ ನೆಲವನ್ನು ಇನ್ನೊಬ್ಬರ ಭದ್ರತೆಗೆ ಹಾನಿಯಾಗುವಂತೆ ಬಳಸಲು ಬಿಡಬಾರದು ಎಂಬ ಕಟ್ಟುಪಾಡು ಈಗ ಇಬ್ಬರಿಗೂ ಸಮ.

ಕನ್ನಡದಲ್ಲಿ 'ಕಾವಲು' ಎಂಬ ಮಾತಿಗೆ ಎರಡು ಅರ್ಥ. ಒಂದು ರಕ್ಷಣೆ, ಇನ್ನೊಂದು ಹುಲ್ಲುಗಾವಲು. ಚಳ್ಳಕೆರೆಯಲ್ಲಿ ಎರಡೂ ಕೂಡಿಕೊಂಡಿವೆ. ಇಲ್ಲಿನ ಅಮೃತ್ ಮಹಲ್ ಕಾವಲುಗಳು ಸೈನ್ಯದ ಫಿರಂಗಿ, ಸಾಮಾನು ಎಳೆಯುವ ಎತ್ತುಗಳಿಗಾಗಿ ಮೀಸಲಿಟ್ಟ ನೆಲ. ಹೈದರ್, ಟಿಪ್ಪು ಕಾಲದಲ್ಲಿ ಹೆಸರಾದ ಆ ತಳಿಯ ಎತ್ತುಗಳು ಮುಂದೆ ಕಂಪನಿಯ ದಂಡಿಗೂ ದುಡಿದವು. ಇಂದು ಅದೇ ಕಾವಲುಗಳ ಸಾವಿರಾರು ಎಕರೆಯಲ್ಲಿ ರಕ್ಷಣೆ ಮತ್ತು ವಿಜ್ಞಾನದ ಸಂಸ್ಥೆಗಳಿವೆ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ವಿಜ್ಞಾನದ ಮೇಷ್ಟ್ರಾಗಿ ನನಗೆ ಹೆಮ್ಮೆಯಿದೆ. ಅಲ್ಲಿ ಕುರಿ, ದನ ಮೇಯಿಸುತ್ತಿದ್ದ ಹಳ್ಳಿಗರು ನೆಲಕ್ಕಾಗಿ ಹಸಿರು ನ್ಯಾಯಮಂಡಳಿಯ ಮೆಟ್ಟಿಲು ಹತ್ತಿದ್ದೂ ನನಗೆ ಗೊತ್ತಿದೆ. ನನ್ನ ತರಗತಿಯ ಬೆಂಚುಗಳಲ್ಲಿ ಅಂಥ ಮನೆಗಳ ಮಕ್ಕಳೂ ಕೂತಿರುತ್ತಾರೆ.

ದೇಶ ದೇಶಗಳ ನಡುವೆ ಇರಲಿ, ದೇಶದ ಒಳಗೇ ಇರಲಿ, ರಕ್ಷಣೆಯ ಮಾತು ಬಂದಾಗ ಮೂರು ಪ್ರಶ್ನೆ ಕೇಳಬೇಕು. ಕಾಯುವವರು ಯಾರು? ಬೆಲೆ ತೆರುವವರು ಯಾರು? ಮಾತು ತಪ್ಪಿದರೆ ಕಳೆದುಕೊಳ್ಳುವವರು ಯಾರು? ವಿದ್ಯಾರ್ಥಿಗಳೇ, ಈ ಭಾನುವಾರ ಅಟ್ಲಾಸ್ ತೆಗೆದು ಮೊಳಕಾಲ್ಮೂರಿನ ಗಡಿಗೆರೆಯ ಮೇಲೆ ಬೆರಳಾಡಿಸಿ, ಅದು ಯಾವ ವರ್ಷ ಹೇಗೆ ಮೂಡಿತೆಂದು ಮನೆಯವರಿಗೆ ಹೇಳಿ. ಪೋಷಕರೇ, ಮಕ್ಕಳು ಪತ್ರಿಕೆ ಹಿಡಿದು ಪ್ರಶ್ನೆ ಕೇಳಿದಾಗ "ಪರೀಕ್ಷೆಗೆ ಬರೋದು ಓದು" ಎಂದು ಬಾಯಿ ಮುಚ್ಚಿಸಬೇಡಿ. ಒಪ್ಪಂದದ ಮೊದಲ ಕಲಮಿಗೇ ಮರುಳಾಗದೆ ಕೊನೆಯ ಕಲಮಿನವರೆಗೂ ಓದುವ ಅಭ್ಯಾಸ ಹೀಗೆಯೇ ಹುಟ್ಟುವುದು.