ಮನೆ ಗ್ಯಾರೇಜಿಗೊಂದು ಕಂಪ್ರೆಸರ್: ಕೊಳ್ಳುವ ಮುನ್ನ ಕೆಳಗೆ ಬಗ್ಗಿ ನೋಡಿ

ಭಾನುವಾರ ಬೆಳಿಗ್ಗೆ ಏಳು ಗಂಟೆ. ಏಳೂವರೆಗೆ ಊರಿಗೆ ಹೊರಡಬೇಕು. ಕಾರಿನ ಹಿಂದಿನ ಎಡಗಡೆ ಚಕ್ರ ಅರ್ಧ ಇಳಿದು ಕೂತಿದೆ. ಪಂಚರ್ ಅಂಗಡಿ ಬಾಗಿಲು ತೆಗೆಯೋದು ಹತ್ತಕ್ಕೆ! ಇಂಥ ಬೆಳಗು ಮೂರು ಸಲ ಆದ ಮೇಲೆ ನಾನು ತೀರ್ಮಾನ ಮಾಡಿಬಿಟ್ಟೆ. ಮನೆಗೇ ಒಂದು ಏರ್ ಕಂಪ್ರೆಸರ್ ತರೋದು.

ನಾನು ಓದಿದ್ದು ಎಂಜಿನಿಯರಿಂಗ್, ಮಾಡೋದು ಸಾಫ್ಟ್‌ವೇರ್ ಕೆಲಸ. ವಾರದಲ್ಲಿ ಮೂರು ದಿನ ಮೈಸೂರಿನ ಮನೆಯಿಂದಲೇ ಡ್ಯೂಟಿ. ಮನೆ ಪಕ್ಕದಲ್ಲಿ ಶೀಟ್ ಹಾಕಿದ ಒಂದು ಶೆಡ್ ಇದೆ, ಅದನ್ನೇ ನಾವು ದೊಡ್ಡ ಹೆಸರಿಟ್ಟು ಗ್ಯಾರೇಜ್ ಅಂತೀವಿ. ನನ್ನ ಕಾರು, ಹೆಂಡತಿಯ ಸ್ಕೂಟರ್, ಅಪ್ಪನ ಹಳೇ ಚೇತಕ್ ಎಲ್ಲ ಅಲ್ಲೇ. ಅಪ್ಪ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ನಿವೃತ್ತಿ ಆದರೂ ಸ್ಪ್ಯಾನರ್ ಕೈಬಿಟ್ಟಿಲ್ಲ.

ನನ್ನ ಬಜೆಟ್ ಹತ್ತು ಸಾವಿರ. ಫೋನಿನಲ್ಲಿ ಹುಡುಕಿದಾಗ ಅಂಗಡಿ ಮುಚ್ಚುತ್ತಿದ್ದವರೊಬ್ಬರ ಸೆಕೆಂಡ್ ಹ್ಯಾಂಡ್ ಕಂಪ್ರೆಸರ್ ಸಿಕ್ಕಿತು. ನಾಲ್ಕೇ ಸಾವಿರ. ಹೊಸದಾಗಿ ಕೆಂಪು ಬಣ್ಣ ಬಳಿದು ಫಳಫಳ ಹೊಳೀತಿತ್ತು. ಸ್ವಿಚ್ ಹಾಕಿದರೆ ಚೆನ್ನಾಗೇ ಓಡ್ತು. ನಾನು ಹಣ ಕಳಿಸೋಕೆ ಫೋನ್ ತೆಗೆದಿದ್ದೆ. ಅಷ್ಟರಲ್ಲಿ ಅಪ್ಪ, ಮಂಡಿನೋವಿರುವ ಮನುಷ್ಯ, ನೆಲದ ಮೇಲೆ ಕೂತು, ಬಗ್ಗಿ, ಟಾರ್ಚ್ ಬಿಟ್ಟು ಟ್ಯಾಂಕಿನ ಹೊಟ್ಟೆ ಕೆಳಗೆ ನೋಡಿದರು. ಬೆರಳಲ್ಲಿ ಒಂದು ಸಲ ಸವರಿದರು.

“ಬೇಡ, ನಡಿ” ಅಂದರು. ಅಷ್ಟೇ.

ದಾರಿಯಲ್ಲಿ ಹೇಳಿದರು: “ಕೆಳಗಡೆ ಅಂಗೈ ಅಗಲ ತಗಡು ಇಟ್ಟು ವೆಲ್ಡಿಂಗ್ ಮಾಡವ್ರೆ ಕಣೋ. ಒಳಗೆ ತುಕ್ಕು ತಿಂದಿರೋ ಟ್ಯಾಂಕು ಅದು. ಇವತ್ತು ಅಲ್ಲಿ ತೂತು ಬಿತ್ತು, ಮುಚ್ಚಿದ್ರು. ನಾಳೆ ಪಕ್ಕದಲ್ಲಿ ಬಾಯಿ ಬಿಡುತ್ತೆ. ಮನೇಲಿ ಮಗು ಇದೆ.”

ಆ ರಾತ್ರಿ ಕೂತು ಲೆಕ್ಕ ಹಾಕಿದೆ. 24 ಲೀಟರಿನ ಟ್ಯಾಂಕು, ಅಂದರೆ ನಮ್ಮ ಕುಡಿಯುವ ನೀರಿನ ಕ್ಯಾನಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ 8 ಬಾರ್ ಒತ್ತಡದ ಗಾಳಿ ತುಂಬಿದರೆ, 100 ಕಿಲೋ ತೂಕದ ಸ್ಕೂಟರೊಂದನ್ನು ಮೂರನೇ ಮಹಡಿಗೆ ಎತ್ತುವಷ್ಟು ಶಕ್ತಿ ಅದರೊಳಗೆ ಕೂತಿರುತ್ತದೆ. ಸಣ್ಣ ತೂತಿನಿಂದ ಸುಯ್ ಅಂತ ಹೋದರೆ ಪರವಾಗಿಲ್ಲ. ಟ್ಯಾಂಕೇ ಸೀಳಿಕೊಂಡರೆ ಅಷ್ಟೂ ಶಕ್ತಿ ಒಂದೇ ಕ್ಷಣದಲ್ಲಿ ಹೊರಗೆ ಬರುತ್ತೆ. ಟ್ಯಾಂಕಿನ ಬಲವನ್ನು ಪರೀಕ್ಷೆ ಮಾಡುವಾಗ ಗಾಳಿಯ ಬದಲು ನೀರು ತುಂಬಿ ಒತ್ತಡ ಕೊಡೋದು ಇದೇ ಕಾರಣಕ್ಕೆ. ನೀರು ಹೆಚ್ಚುಕಡಿಮೆ ಕುಗ್ಗುವುದೇ ಇಲ್ಲ. ಹಾಗಾಗಿ ಒಡೆದರೂ ಸಿಡಿಯಲ್ಲ.

ಹಾಗಾಗಿ ನನ್ನ ಮೊದಲ ಸಲಹೆ ಇದು. ಮೋಟರ್, ಬೆಲ್ಟ್, ಗೇಜ್ ಹಳೇದಾದರೂ ನಡೆಯುತ್ತೆ, ಬದಲಾಯಿಸಬಹುದು. ಟ್ಯಾಂಕ್ ಮಾತ್ರ ಹಳೇದು ಬೇಡ. ತೇಪೆ ಹಾಕಿದ್ದಂತೂ ಪುಕ್ಕಟೆ ಕೊಟ್ಟರೂ ಬೇಡ.

ನಿಮಗೆ ನಿಜವಾಗಿ ಬೇಕಾ?

ಬರೀ ಚಕ್ರಕ್ಕೆ ಗಾಳಿ ಹೊಡೆಯೋದಾದರೆ, ಕಾರಿನ ಹನ್ನೆರಡು ವೋಲ್ಟ್ ಸಾಕೆಟ್ಟಿಗೆ ಚುಚ್ಚುವ ಪುಟ್ಟ ಇನ್‌ಫ್ಲೇಟರ್ ಸಾಕು. ನಿಧಾನ, ಆದರೆ ಕೆಲಸ ಆಗುತ್ತೆ. ಬಾಡಿಗೆ ಮನೆ, ಅಪಾರ್ಟ್‌ಮೆಂಟ್ ಪಾರ್ಕಿಂಗ್‌ನಲ್ಲಿ ಇರುವವರಿಗೆ ಅದೇ ವಾಸಿ.

ಗಾಳಿ ಹೊಡೆಯೋದರ ಜೊತೆಗೆ ಏರ್ ಫಿಲ್ಟರ್, ಚೈನು, ಕಾರ್ಬುರೇಟರ್‌ಗೆ ಬ್ಲೋ ಹೊಡೆದು ಕ್ಲೀನ್ ಮಾಡೋದು, ಗೇಟಿಗೆ ಚೂರುಪಾರು ಬಣ್ಣ ಹಾಕೋದು, ಬಿಗಿಯಾದ ನಟ್ಟು ಬಿಚ್ಚೋದು ಇಂಥ ಕೆಲಸ ಇದ್ದರೆ ಟ್ಯಾಂಕ್ ಇರುವ ಕಂಪ್ರೆಸರ್ ನೋಡಿ. ಇಡೀ ಕಾರಿಗೆ ಬಣ್ಣ ಹೊಡೆಯೋದು, ಗಂಟೆಗಟ್ಟಲೆ ಸ್ಯಾಂಡರ್ ಓಡಿಸೋದು ಮನೆಯ ಸಣ್ಣ ಕಂಪ್ರೆಸರಿನಿಂದ ಆಗಲ್ಲ. ಅವಕ್ಕೆ ಬಿಡುವಿಲ್ಲದೆ ಗಾಳಿ ಬೇಕು.

ಡಬ್ಬಿ ಮೇಲಿನ ನಂಬರ್ ನಂಬಬೇಡಿ

ಅಂಗಡಿಯವರು ಮೊದಲು ಹೇಳೋದು ಎಚ್‌ಪಿ. ಆಮೇಲೆ ಬಾರ್. ನಮಗೆ ಬೇಕಾದ್ದು ಮೂರನೇ ನಂಬರು: ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತೆ ಅನ್ನೋದು. ಇದನ್ನು ಸಿಎಫ್‌ಎಂ ಅಂತ ಬರೆದಿರುತ್ತಾರೆ. ಒಂದು ಘನ ಅಡಿ ಅಂದರೆ 28.3 ಲೀಟರ್. ಆದರೆ ಡಬ್ಬಿ ಮೇಲೆ ಹಾಕಿರೋದು ಹೆಚ್ಚಿನ ಸಲ ಪಿಸ್ಟನ್ ಎಷ್ಟು ಜಾಗ ಸರಿಯುತ್ತೆ ಅನ್ನುವ ಲೆಕ್ಕ. ಪೈಪಿನಿಂದ ನಿಜವಾಗಿ ಬರುವ ಗಾಳಿ ಅದಕ್ಕಿಂತ ಎಷ್ಟೋ ಕಡಿಮೆ.

ಅಂಗಡಿಯಲ್ಲೇ ಪರೀಕ್ಷೆ ಮಾಡಬಹುದು. ಟ್ಯಾಂಕ್ ಖಾಲಿ ಇರುವಾಗ ಶುರುಮಾಡಿಸಿ, ಮೋಟರ್ ತಾನಾಗೇ ನಿಲ್ಲುವವರೆಗೆ ಫೋನಿನಲ್ಲಿ ಸ್ಟಾಪ್‌ವಾಚ್ ಹಿಡಿಯಿರಿ. ಟ್ಯಾಂಕಿನ ಲೀಟರನ್ನು ಬಾರ್‌ನಿಂದ ಗುಣಿಸಿ, ನಿಮಿಷದಿಂದ ಭಾಗಿಸಿ. 24 ಲೀಟರ್, 8 ಬಾರ್ ಅಂದರೆ 192. ಎರಡು ನಿಮಿಷ ಹಿಡಿದರೆ ನಿಮಿಷಕ್ಕೆ 96 ಲೀಟರ್, ಅಂದರೆ ಸುಮಾರು 3.4 ಸಿಎಫ್‌ಎಂ. ಡಬ್ಬಿ ಮೇಲೆ 7 ಅಂತ ಬರೆದಿದ್ದರೆ ಅದನ್ನು ಅಲ್ಲೇ ಬಿಡಿ, ನಿಮ್ಮ ಲೆಕ್ಕ ನಂಬಿ.

ಮನೆಗೆ 24 ಲೀಟರ್ ಸಾಲುತ್ತಾ? ಸಣ್ಣ ಕಾರಿನ ಚಕ್ರದಲ್ಲಿ ಸುಮಾರು 30 ಲೀಟರ್ ಜಾಗ ಇರುತ್ತೆ ಅಂದುಕೊಳ್ಳಿ. ಪೂರ್ತಿ ಖಾಲಿಯಿಂದ 32 ಪಿಎಸ್‌ಐಗೆ ತುಂಬಿಸಲು 66 ಲೀಟರ್‌ನಷ್ಟು ಹೊರಗಿನ ಗಾಳಿ ಬೇಕು. ತುಂಬಿದ ಟ್ಯಾಂಕು ಮೋಟರ್ ಮತ್ತೆ ಓಡದೆಯೇ ಅಂಥ ಎರಡು ಚಕ್ರ ತುಂಬುತ್ತೆ. ನಾವು ಹೊಡೆಯೋದು ಸಾಮಾನ್ಯವಾಗಿ ನಾಲ್ಕೈದು ಪಿಎಸ್‌ಐ ಮಾತ್ರ. ಧಾರಾಳವಾಗಿ ಸಾಕು.

ಆಯಿಲ್ ಹಾಕುವುದೋ, ಆಯಿಲ್ ಫ್ರೀನೋ?

ಆಯಿಲ್ ಫ್ರೀ ಹಗುರ, ಎಣ್ಣೆಯ ಚಿಂತೆ ಇಲ್ಲ. ಆದರೆ ಅಗ್ಗದವು ಕಿವಿ ಕಿತ್ತುಹೋಗುವಂತೆ ಕೂಗುತ್ತವೆ, ಪಿಸ್ಟನ್ ರಿಂಗ್ ಬೇಗ ಸವೆಯುತ್ತೆ. ಆಯಿಲ್ ಹಾಕುವಂಥದ್ದು ಭಾರ, ಮಲಗಿಸಿ ಸಾಗಿಸೋ ಹಾಗಿಲ್ಲ, ಎಣ್ಣೆ ನೋಡ್ತಾ ಇರಬೇಕು. ಬದಲಿಗೆ ಸದ್ದು ಸ್ವಲ್ಪ ಕಡಿಮೆ, ಬಾಳಿಕೆ ಜಾಸ್ತಿ. ನಾವು ತಂದಿದ್ದು ಹೊಸದು, 24 ಲೀಟರ್, 2 ಎಚ್‌ಪಿ, ಆಯಿಲ್ ಹಾಕುವಂಥದ್ದು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು, ಓಡಿಸಿ ನೋಡಿಯೇ ತಂದೆವು.

ಕೊಳ್ಳುವಾಗ ಇನ್ನೊಂದಿಷ್ಟು ನೋಡಿ. ಮೋಟರ್ ವೈಂಡಿಂಗ್ ತಾಮ್ರದ್ದಾ ಕೇಳಿ, ಬಿಲ್ಲಿನಲ್ಲಿ ಬರೆಸಿ. ಟ್ಯಾಂಕಿನ ಮೇಲೆ ಗರಿಷ್ಠ ಒತ್ತಡ, ತಯಾರಾದ ವರ್ಷ ಇರುವ ಫಲಕ ಇದೆಯಾ ನೋಡಿ. ಉಂಗುರ ಇರುವ ಸೇಫ್ಟಿ ವಾಲ್ವ್ ಇರಲೇಬೇಕು. ಕೊನೆಗೆ, ಟ್ಯಾಂಕಿನ ಹೊಟ್ಟೆ ಕೆಳಗಿನ ನೀರು ಬಿಡುವ ನಲ್ಲಿಗೆ ಕೈ ಸುಲಭವಾಗಿ ಹೋಗುತ್ತಾ ನೋಡಿ. ಕೈ ಹೋಗದಿದ್ದರೆ ನೀವು ಅದನ್ನು ತೆಗೆಯೋದೇ ಇಲ್ಲ. ಯಾಕೆ ಅಂತ ಮುಂದೆ ಹೇಳ್ತೀನಿ.

ಕರೆಂಟಿನ ವಿಷಯ

2 ಎಚ್‌ಪಿ ಅಂದರೆ ಸುಮಾರು 1,500 ವಾಟ್. ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕರೆಂಟ್ ಎಳೆಯುತ್ತೆ. ಗೀಸರಿಗೆ ಹಾಕಿಸುವಂಥ ಪವರ್ ಪ್ಲಗ್ಗೇ ಬೇಕು. ಟಿವಿಗೆ ಬಳಸುವ ತೆಳು ಎಕ್ಸ್‌ಟೆನ್ಷನ್ ವೈರಿಗೆ ಚುಚ್ಚಿದರೆ ವೋಲ್ಟೇಜ್ ಬಿದ್ದು ಮೋಟರ್ ಬರೀ ಗುಂಯ್ ಅನ್ನುತ್ತಾ ಸುಟ್ಟುಹೋಗಬಹುದು. ದೂರ ಬೇಕಾದರೆ ಕರೆಂಟಿನ ವೈರ್ ಉದ್ದ ಮಾಡಬೇಡಿ, ಗಾಳಿಯ ಪೈಪ್ ಉದ್ದ ಮಾಡಿ.

ಆಫ್ ಮಾಡುವಾಗ ಪ್ಲಗ್ ಕೀಳಬೇಡಿ, ಕಂಪ್ರೆಸರಿನ ಮೇಲಿರುವ ಸ್ವಿಚ್ಚನ್ನೇ ಒತ್ತಿ. ಆಗ ‘ಸ್ಸ್’ ಅಂತ ಸದ್ದಾಗುತ್ತಲ್ಲ, ಅದು ಪಿಸ್ಟನ್ ಮೇಲೆ ಉಳಿದ ಗಾಳಿ ಹೊರಹೋಗೋದು. ಅದು ಹೋಗದಿದ್ದರೆ ಮುಂದಿನ ಸಲ ಮೋಟರ್ ಒತ್ತಡದ ಎದುರು ತಿರುಗಲಾರದೆ ಒದ್ದಾಡುತ್ತೆ. ಓಡುತ್ತಿರುವಾಗ ಕರೆಂಟ್ ಹೋದರೂ ಅಷ್ಟೇ, ತಕ್ಷಣ ಆ ಸ್ವಿಚ್ ಆಫ್ ಮಾಡಿಬಿಡಿ. ಮೋಟರ್ ನಿಂತ ಮೇಲೂ ಸ್ಸ್ ಸದ್ದು ನಿಲ್ಲದೇ ಇದ್ದರೆ, ಟ್ಯಾಂಕಿನ ಗಾಳಿ ಹಿಂದಕ್ಕೆ ಬಾರದಂತೆ ತಡೆಯುವ ವಾಲ್ವಿನಲ್ಲಿ ಕಸ ಕೂತಿದೆ ಅಂತ ಅರ್ಥ. ಟ್ಯಾಂಕ್ ಪೂರ್ತಿ ಖಾಲಿ ಮಾಡಿ, ಪ್ಲಗ್ ತೆಗೆದ ಮೇಲೆಯೇ ಅದನ್ನು ಬಿಚ್ಚಿ.

ನಾನು ಮಾಡಿದ ತಪ್ಪು

ಕಂಪ್ರೆಸರ್ ಬಂದ ದಿನ ಅಪ್ಪ ಹೇಳಿದ್ದು ಒಂದೇ ಮಾತು: “ಕೆಲಸ ಮುಗಿದ ಮೇಲೆ ದಿನಾ ನೀರು ಬಿಡು.” ಗಾಳಿಯ ಯಂತ್ರದಲ್ಲಿ ಎಲ್ಲಿಯ ನೀರು ಅಂತ ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಜೂನ್ ಬಂತು, ಜುಲೈ ಬಂತು. ಆಫೀಸಿನಲ್ಲಿ ರಿಲೀಸ್ ಗಲಾಟೆ. ಚಕ್ರಕ್ಕೆ ಗಾಳಿ ಹೊಡೆದು, ಸ್ವಿಚ್ ಆಫ್ ಮಾಡಿ, ಲ್ಯಾಪ್‌ಟಾಪ್ ಕಡೆ ಓಡ್ತಿದ್ದೆ.

ಒಂದು ಭಾನುವಾರ ಅಪ್ಪ ಬಂದು ಟ್ಯಾಂಕನ್ನು ಬೆರಳ ಗೆಣ್ಣಿನಿಂದ ಕುಟ್ಟಿದರು. ಮೇಲೆ ಠಣ್ ಅಂತು, ಕೆಳಗೆ ದಬ್ ಅಂತು. “ನೀರು ಬಿಟ್ಟಿದ್ಯೇನೋ?” ನಾನು ಮಾತಾಡಲಿಲ್ಲ. ಅವರು ನಲ್ಲಿ ತಿರುಗಿಸಿದರು. ಟೀ ಬಣ್ಣದ ನೀರು ಬುಸ್ ಅಂತ ಬಂದು ನೆಲದ ಮೇಲೆಲ್ಲ ಹರಡಿತು. ಒಂದು ಲೋಟಕ್ಕಿಂತ ಜಾಸ್ತಿಯೇ ಇತ್ತು. ಅದರಲ್ಲಿ ತುಕ್ಕಿನ ಪುಡಿ.

ಅವರು ಬೈಯಲಿಲ್ಲ. ಡಿಪೋದ ಕತೆ ಹೇಳಿದರು. ಬಸ್ಸಿನ ಬ್ರೇಕ್ ಗಾಳಿಯದ್ದು. ಬ್ರೇಕ್ ಬಿಟ್ಟಾಗ ‘ಪಿಸ್’ ಅನ್ನುತ್ತಲ್ಲ, ಅದೇ. ಏರ್ ಡ್ರೈಯರ್ ಇಲ್ಲದ ಹಳೇ ಬಸ್ಸುಗಳಲ್ಲಿ ಬೆಳಿಗ್ಗೆ ಗಾಡಿ ತೆಗೆಯುವ ಮುನ್ನ ಗಾಳಿ ಟ್ಯಾಂಕಿನ ನೀರು ಬಿಡೋದು ಅವರ ದಿನದ ಮೊದಲ ಕೆಲಸ. “ಐವತ್ತು ಜನ ಹತ್ತುವ ಗಾಡಿ. ಟ್ಯಾಂಕು ನಿಂದಾದ್ರೇನು, ಬಸ್ಸಿಂದಾದ್ರೇನು? ಗಾಳಿಗೆ ಅದು ಗೊತ್ತಾಗಲ್ಲ” ಅಂದರು.

ಆಮೇಲೆ ನಾನು ಲೆಕ್ಕ ಮಾಡಿ ನೋಡಿದೆ. 30 ಡಿಗ್ರಿ ಬಿಸಿಲು, ಶೇ 70ರಷ್ಟು ತೇವ ಇರುವ ದಿನ 1,000 ಲೀಟರ್ ಗಾಳಿಯಲ್ಲಿ ಸುಮಾರು 21 ಗ್ರಾಂ ನೀರಿನ ಆವಿ ಇರುತ್ತೆ. ಅದನ್ನು 8 ಬಾರ್‌ಗೆ ಒತ್ತಿದರೆ ಗಾಳಿಯ ಗಾತ್ರ ಒಂಬತ್ತರಲ್ಲಿ ಒಂದು ಭಾಗ ಆಗುತ್ತೆ. ತಣ್ಣಗಾದ ಮೇಲೆ ಅಷ್ಟು ಕಡಿಮೆ ಜಾಗದಲ್ಲಿ ಮೂರು ನಾಲ್ಕು ಗ್ರಾಂ ಆವಿ ಮಾತ್ರ ನಿಲ್ಲಬಲ್ಲದು. ಉಳಿದ 17 ಗ್ರಾಂ, ಅಂದರೆ ಮೂರು ಟೀ ಚಮಚ, ಟ್ಯಾಂಕಿನ ತಳ ಸೇರುತ್ತೆ. ನಮ್ಮ ಟ್ಯಾಂಕ್ ಐದು ಸಲ ತುಂಬಿ ಖಾಲಿಯಾದರೆ ಹೆಚ್ಚುಕಡಿಮೆ ಅಷ್ಟು ಗಾಳಿ. ಉಕ್ಕಿನ ಟ್ಯಾಂಕ್, ನೀರು, ಒತ್ತಡದ ಗಾಳಿ ಮೂರೂ ಒಟ್ಟಿಗಿದ್ದರೆ ತುಕ್ಕು ಹಿಡಿಯದೆ ಇರುತ್ತಾ? ಅದು ಒಳಗಿನಿಂದ ತಿನ್ನುತ್ತೆ. ಹೊರಗೆ ಬಣ್ಣ ಹಾಗೇ ಇರುತ್ತೆ. ಆ ನಾಲ್ಕು ಸಾವಿರದ ಕೆಂಪು ಟ್ಯಾಂಕಿಗೂ ಯಾರೋ ನನ್ನಂಥವರೇ ನೀರು ಬಿಟ್ಟಿರಲಿಲ್ಲ.

ಈಗಿನ ನಮ್ಮ ಮನೆಯ ರೂಢಿ

ಕೆಲಸ ಮುಗಿದ ಮೇಲೆ: ಸ್ವಿಚ್ ಆಫ್. ಗಾಳಿಯನ್ನು ಪೈಪಿನಿಂದ ಬಿಟ್ಟು ಒತ್ತಡ 1 ಬಾರ್ ಆಸುಪಾಸಿಗೆ ಇಳಿಸಿ. ಟ್ಯಾಂಕನ್ನು ನಲ್ಲಿಯ ಕಡೆಗೆ ಸ್ವಲ್ಪ ವಾಲಿಸಿ, ಕೆಳಗೊಂದು ಡಬ್ಬಿ ಇಟ್ಟು, ನಿಧಾನಕ್ಕೆ ತೆಗೆಯಿರಿ. ನೀರೆಲ್ಲ ಹೋದ ಮೇಲೆ ರಾತ್ರಿ ಪೂರ್ತಿ ನಲ್ಲಿ ತೆರೆದೇ ಇರಲಿ.

ಓಡಿಸುವ ಮುನ್ನ: ಎಣ್ಣೆ ಗಾಜಿನ ಕೆಂಪು ಚುಕ್ಕೆಯ ಮಟ್ಟಕ್ಕೆ ಇದೆಯಾ ನೋಡಿ. ಬೈಕಿನ ಎಂಜಿನ್ ಆಯಿಲ್ ಸುರಿಯಬೇಡಿ, ಕಂಪ್ರೆಸರ್ ಆಯಿಲ್ಲೇ ಹಾಕಿ. ಹೊಸ ಯಂತ್ರದ ಮೊದಲ ಎಣ್ಣೆಯಲ್ಲಿ ಲೋಹದ ಪುಡಿ ಇರುತ್ತೆ, ಅದನ್ನು ಮ್ಯಾನುಯಲ್ ಹೇಳಿದಷ್ಟು ಗಂಟೆಗೆ ಬದಲಿಸಿ.

ತಿಂಗಳಿಗೊಮ್ಮೆ: ಗಾಳಿ ಎಳೆಯುವ ಫಿಲ್ಟರ್ ಬಿಚ್ಚಿ ಧೂಳು ಕೊಡವಿ. ಜಾಯಿಂಟುಗಳಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಬಂದರೆ ಅಲ್ಲಿ ಸೋರಿಕೆ ಇದೆ. ಸೇಫ್ಟಿ ವಾಲ್ವಿನ ಉಂಗುರ ಎಳೆದು ಗಾಳಿ ಹೊರಬರುತ್ತಾ ನೋಡಿ. ಅದು ಅಂಟಿಕೊಂಡಿದ್ದರೆ ಹೊಸದು ಹಾಕುವವರೆಗೆ ಓಡಿಸಬೇಡಿ.

ಯಾವಾಗಲೂ: ಹತ್ತು ನಿಮಿಷ ಓಡಿದರೆ ಹತ್ತು ನಿಮಿಷ ಬಿಡುವು ಕೊಡಿ. ಬ್ಲೋ ಹೊಡೆಯುವಾಗ ಕಣ್ಣಿಗೆ ಕನ್ನಡಕ ಇರಲಿ. ಮೈಮೇಲಿನ ಧೂಳು ಕೊಡವಲು, ಮಕ್ಕಳನ್ನು ನಗಿಸಲು ಆ ಗಾಳಿ ಹಿಡಿಯಲೇಬೇಡಿ. ಗಾಳಿ ಲೈನಿಗೆ ಮನೆಯ ನೀರಿನ ಪಿವಿಸಿ ಪೈಪ್ ಹಾಕಬೇಡಿ, ಒಡೆದರೆ ಚೂರುಚೂರಾಗಿ ಸಿಡಿಯುತ್ತೆ. ಟ್ಯಾಂಕು ತಳದಲ್ಲಿ ಎಲ್ಲೇ ಸೋರಿದರೂ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ತೂತು ಕೊರೆದು ಮತ್ಯಾರೂ ಬಳಸದಂತೆ ಮಾಡಿ, ಗುಜರಿಗೆ ಹಾಕಿ.

ನಮ್ಮ ಕೆಲಸದಲ್ಲೂ ಇಂಥದ್ದು ಇದೆ. ಹಳೇ ಲಾಗ್ ಫೈಲ್ ಅಳಿಸದೆ ಬಿಟ್ಟು, ಡಿಸ್ಕ್ ತುಂಬಿ, ಸರ್ವರ್ ಮಧ್ಯರಾತ್ರಿ ಮಲಗಿದ ಅನುಭವ ನಿಮ್ಮಲ್ಲಿ ಎಷ್ಟೋ ಜನಕ್ಕೆ ಇರಬಹುದು. ಅಲ್ಲಿ ರೀಸ್ಟಾರ್ಟ್ ಮಾಡಬಹುದು. ಟ್ಯಾಂಕಿಗೆ ಆ ಸೌಲಭ್ಯ ಇಲ್ಲ.

ಮೊನ್ನೆ ಅಪ್ಪನ ಚೇತಕ್‌ಗೆ ಗಾಳಿ ಹೊಡೆದು ಮುಗಿಸಿ, ನಲ್ಲಿ ತೆಗೆದೆ. ಎರಡು ಚಮಚ ನೀರು ಬಂತು. ತಿಳಿಯಾಗಿತ್ತು. ಒಳಗಿನಿಂದ ಅಪ್ಪನ ದನಿ: “ನೀರು ಬಿಟ್ಯೇನೋ?”

“ಬಿಟ್ಟೆ ಅಪ್ಪಾ” ಅಂದೆ.