ಊರಿನ ಚಿಂತೆ ಮತ್ತು ತೊಟ್ಟಿಲ ಕೂಸು



ಸಂಜೆ ನಮ್ಮ ವಾಚನಾಲಯಕ್ಕೆ ಪತ್ರಿಕೆ ಓದಲು ಬರುವವರಲ್ಲಿ ಹಲವರ ಸಂಸಾರ ಇನ್ನೂ ಊರಿನಲ್ಲಿಯೇ ಇದೆ. ರಾಯಚೂರು, ಯಾದಗಿರಿ, ಕಲಬುರಗಿ, ವಿಜಯಪುರದ ಕಡೆಯ ಹಳ್ಳಿಯಲ್ಲಿ ಹೆಂಡತಿ, ಎರಡು ವರ್ಷದ ಕೂಸು, ವಯಸ್ಸಾದ ತಾಯಿ. ಇಲ್ಲಿ ತಮಗೆ ಕಟ್ಟಡದ ಕೆಲಸವೋ ಕಚೇರಿಯ ಗುಮಾಸ್ತಿಕೆಯೋ. ಇಂಥವರ ಬಾಯಲ್ಲಿ ನಾವು ಆಗಾಗ ಕೇಳುವ ಮಾತೊಂದುಂಟು: “ಹುಡುಗ ಇನ್ನೂ ಮಾತು ಕಲಿತಿಲ್ಲ, ಅವಳು ಅವನ ಕಡೆ ನೋಡುವುದೇ ಇಲ್ಲ.” ಇದರಲ್ಲಿ ತಂದೆಯ ಸಂಕಟವಿದೆ, ನಿಜ. ತಾಯಿಯ ಮೇಲೆ ಹೊರಿಸಿದ ಅಪವಾದವೂ ಇದೆ. ಅದು ನ್ಯಾಯವೇ ಎಂಬುದನ್ನು ಕೊಂಚ ವಿಚಾರ ಮಾಡೋಣ.

ಹುಟ್ಟಿದ ಕೂಸಿನ ಮೆದುಳು ದೊಡ್ಡವರ ಮೆದುಳಿನ ಸುಮಾರು ಕಾಲು ಭಾಗದಷ್ಟಿರುತ್ತದೆ. ಎರಡು ವರ್ಷ ತುಂಬುವ ಹೊತ್ತಿಗೆ ಮುಕ್ಕಾಲು ಭಾಗವನ್ನು ದಾಟಿರುತ್ತದೆ. ಇಷ್ಟು ವೇಗದ ಬೆಳವಣಿಗೆ ಮುಂದೆ ಎಂದೂ ಆಗದು. ಅದಕ್ಕೆ ಎರಡು ಬಗೆಯ ಆಹಾರ ಬೇಕು. ಒಂದು ಹೊಟ್ಟೆಗೆ, ಇನ್ನೊಂದು ಕಿವಿಗೆ ಮತ್ತು ಕಣ್ಣಿಗೆ. ಕೂಸು ಏನೋ ಒಂದು ಸದ್ದು ಮಾಡುತ್ತದೆ, ತಾಯಿ ನಕ್ಕು ಮಾರುತ್ತರ ಕೊಡುತ್ತಾಳೆ, ಕೂಸು ಮತ್ತೆ ಕೂಗುತ್ತದೆ. ಈ ಕೊಡುಕೊಳ್ಳುವಿಕೆಯಿಂದ ಮೆದುಳಿನ ಎಳೆಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಹೊಟ್ಟೆಯ ಕೊರತೆಯನ್ನು ಅಳೆಯಬಹುದು: ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ ೩೫ ಮಂದಿಗೆ ವಯಸ್ಸಿಗೆ ತಕ್ಕ ಎತ್ತರವಿರಲಿಲ್ಲ. ಮಾತಿನ ಕೊರತೆ ಅಳತೆಗೋಲಿಗೆ ಸುಲಭವಾಗಿ ಸಿಕ್ಕುವುದಿಲ್ಲ.

ಮಾತಿಗೇನು ದುಡ್ಡು ಬೇಕೇ, ಬಡತನ ಅದಕ್ಕೇಕೆ ಅಡ್ಡ ಬರಬೇಕು ಎಂದು ಕೇಳಬಹುದು. ಇದಕ್ಕೆ ನೆರೆಯ ತಮಿಳುನಾಡಿನ ಕಬ್ಬಿನ ಗದ್ದೆಗಳಿಂದ ಒಂದು ಉತ್ತರ ಬಂದಿದೆ. ೨೦೧೩ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ ೪೬೪ ಮಂದಿ ರೈತರನ್ನು ಎರಡು ಸಲ ಬುದ್ಧಿಯ ಪರೀಕ್ಷೆಗೆ ಒಳಪಡಿಸಿದರು. ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಇನ್ನೊಮ್ಮೆ. ಅದೇ ರೈತರು ಹಣ ಬರುವ ಮುನ್ನ ಹೆಚ್ಚು ತಪ್ಪು ಮಾಡಿದರು. ಅವರ ಬುದ್ಧಿಯ ಒಂದು ಪಾಲನ್ನು ಹಣದ ಚಿಂತೆಯೇ ನುಂಗಿತ್ತೆಂದು ಸಂಶೋಧಕರು ತೀರ್ಮಾನಿಸಿದರು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಚಿಂತೆ ಇದ್ದವಳಿಗೆ ತೊಟ್ಟಿಲ ಪಕ್ಕದಲ್ಲೂ ನೆಮ್ಮದಿಯಿಲ್ಲ.

ಈಗ ಊರಿನಲ್ಲಿರುವ ಆ ತಾಯಿಯನ್ನು ನೆನೆಯಿರಿ. ಬೆಳಗಿನ ಜಾವ ನೀರು, ಹಗಲು ಹತ್ತಿ ಬಿಡಿಸುವ ಕೂಲಿ, ಸಂಜೆ ಒಲೆ. ಈ ವಾರ ಸಂಘದ ಸಾಲದ ಕಂತು. ಅಂಗಡಿಯಲ್ಲಿ ಉದ್ರಿ ಬೆಳೆದಿದೆ. ಅತ್ತೆಗೆ ಔಷಧ ಮುಗಿದಿದೆ. ಕೂಸು ಸೆರಗು ಎಳೆದಾಗ ಅವಳ ಕಣ್ಣು ಅದರ ಮೇಲಿದ್ದರೂ ಮನಸ್ಸು ಲೆಕ್ಕದಲ್ಲಿರುತ್ತದೆ. ಒಮ್ಮೊಮ್ಮೆ ಕೈ ಎತ್ತುತ್ತಾಳೆ, ಆಮೇಲೆ ತಾನೇ ಅಳುತ್ತಾಳೆ. ಅವಳಲ್ಲಿ ಪ್ರೀತಿ ಬತ್ತಿಲ್ಲ. ಅದನ್ನು ತೋರಿಸುವ ಬಿಡುವು ಬತ್ತಿದೆ.

ಈ ಚಿಂತೆ ಕೂಸಿನ ಮೈಗೂ ಇಳಿಯುತ್ತದೆ. ಭಯವಾದಾಗ ದೇಹದಲ್ಲಿ ಕಾರ್ಟಿಸಾಲ್ ಎಂಬ ಸ್ರಾವ ಹೆಚ್ಚುತ್ತದೆ. ಸ್ವಲ್ಪ ಹೊತ್ತು ಹೆಚ್ಚಿದರೆ ಬಾಧಕವಿಲ್ಲ. ಬಹುಕಾಲ ಏರಿಯೇ ಇದ್ದರೆ ನೆನಪಿಗೂ ಕಲಿಕೆಗೂ ಪೆಟ್ಟು. ಮೆಕ್ಸಿಕೊ ದೇಶದಲ್ಲಿ ೧೯೯೭ರಲ್ಲಿ ಹಳ್ಳಿಯ ಬಡ ತಾಯಂದಿರ ಕೈಗೇ ಸರಕಾರ ಹಣ ಕೊಡುವ ಯೋಜನೆಯೊಂದು ಆರಂಭವಾಯಿತು. ಅಂಥ ಮನೆಗಳ ೨ರಿಂದ ೬ ವರ್ಷದ ಮಕ್ಕಳ ಜೊಲ್ಲನ್ನು ಪರೀಕ್ಷಿಸಿ ೨೦೦೯ರಲ್ಲಿ ವರದಿ ಪ್ರಕಟಿಸಿದರು. ಆ ಮಕ್ಕಳಲ್ಲಿ ಈ ಸ್ರಾವ ಕಡಿಮೆಯಿತ್ತು. ಮನಸ್ಸು ತೀರ ಕುಗ್ಗಿದ್ದ ತಾಯಂದಿರ ಮಕ್ಕಳಲ್ಲಿ ಈ ವ್ಯತ್ಯಾಸ ಹೆಚ್ಚಾಗಿ ಕಂಡಿತು.

ಹಣ ಒಂದೇ ಸಾಲದು, ಆಟವೂ ಬೇಕು. ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ೧೯೮೬–೮೭ರಲ್ಲಿ ಒಂದು ಪ್ರಯೋಗ ಆರಂಭವಾಯಿತು. ಬೆಳವಣಿಗೆ ಕುಂಠಿತವಾದ ಎಳೆಯ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ವಾರಕ್ಕೆ ಒಂದು ಗಂಟೆ ಹೋಗಿ, ಕೈಯಿಂದ ಮಾಡಿದ ಆಟಿಕೆಗಳಿಂದ ಮಗುವನ್ನು ಆಡಿಸುವ ಬಗೆಯನ್ನು ತಾಯಿಗೆ ತೋರಿಸಿದರು. ಎರಡು ವರ್ಷ ಹೀಗೆ ನಡೆಯಿತು. ಇಪ್ಪತ್ತು ವರ್ಷಗಳ ಮೇಲೆ ನೋಡಿದಾಗ, ಆ ಮಕ್ಕಳ ಸಂಪಾದನೆ ಅಂಥ ಭೇಟಿ ದೊರೆಯದ ಕುಂಠಿತ ಮಕ್ಕಳ ಸಂಪಾದನೆಗಿಂತ ನೂರಕ್ಕೆ ೨೫ರಷ್ಟು ಹೆಚ್ಚಾಗಿತ್ತು.

ದೂರದಲ್ಲಿರುವ ನಾವೇನು ಮಾಡಬಲ್ಲೆವು? ಹಣ ಕಡಿಮೆಯಾದರೂ ಗೊತ್ತಾದ ತಾರೀಖಿಗೆ ಕಳುಹಿಸೋಣ; ಯಾವಾಗ ಬರುವುದೋ ಎಂಬ ಕಾಯುವಿಕೆಯೇ ಅರ್ಧ ಚಿಂತೆ. ಮೂರು ತುಂಬಿದ ಮಗುವನ್ನು ಅಂಗನವಾಡಿಗೆ ಕಳುಹಿಸಲು ಹೇಳೋಣ. ಅಲ್ಲಿ ಊಟದೊಡನೆ ಆಟವೂ ಉಂಟು. ೧೯೭೫ರ ಅಕ್ಟೋಬರ್ ೨ರಂದು ದೇಶದಲ್ಲಿ ಮೊದಲಾದ ಈ ಏರ್ಪಾಡು ನಮ್ಮ ನಾಡಿನಲ್ಲಿ ಮೊದಲು ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರಕ್ಕೆ. ಎರಡು ವರ್ಷವಾದರೂ ಮಾತು ಬಾರದಿದ್ದರೆ, ಕಿವಿ ಕೇಳಿಸುತ್ತದೆಯೇ ಎಂದು ವೈದ್ಯರಿಗೆ ತೋರಿಸಬೇಕು. ಎಲ್ಲವನ್ನೂ ಚಿಂತೆಯ ತಲೆಗೆ ಕಟ್ಟಲಾಗದು. ರಜೆಗೆ ಹೋದಾಗ ಕೂಸನ್ನು ಹೆಗಲ ಮೇಲೆ ಕೂರಿಸಿಕೊಂಡು ಕೆರೆಯವರೆಗೆ ಹೋಗಿ, ದಾರಿಯಲ್ಲಿ ಕಂಡ ಎಮ್ಮೆ, ಕೊಕ್ಕರೆ, ಮರದ ಹೆಸರು ಹೇಳೋಣ. ಆ ಒಂದು ಗಂಟೆ ಅವಳಿಗೂ ವಿಶ್ರಾಂತಿ.

ಹೆಂಡತಿ ಮಕ್ಕಳನ್ನು ಇಲ್ಲಿಗೇ ಕರೆತಂದವರಿಗೂ ಈ ಮಾತು ಸಲ್ಲುತ್ತದೆ. ಒಂದೇ ಕೋಣೆಯ ಸಂಸಾರದಲ್ಲಿ ಚಿಂತೆಗೆ ಗೋಡೆಯಿಲ್ಲ.

ಈ ರಾತ್ರಿ ಊರಿಗೆ ಫೋನು ಮಾಡುವಾಗ ಹುಡುಗ ಮಾತು ಕಲಿತನೇ ಎಂದು ವಿಚಾರಿಸುವ ಮೊದಲು, ಅವಳ ಊಟವಾಯಿತೇ ಎಂದು ಕೇಳೋಣ. ಆಮೇಲೆ ಫೋನನ್ನು ಕೂಸಿನ ಕಿವಿಗೆ ಹಿಡಿಯಲು ಹೇಳಿ, ಅದು ಏನು ಕೂಗಿದರೂ ಅದಕ್ಕೊಂದು ಉತ್ತರ ಕೊಡೋಣ.