ವಸ್ತಿಗೆ ಬಿಸಿಲ ಕರೆಂಟು: ಮೊದಲು ಲೆಕ್ಕ, ಆಮೇಲೆ ದುಕಾನ

ಜತ್ತ ತಾಲೂಕಿನ ನಮ್ಮ ಕಡೆ ಹೊಲದಾಗೇ ಮನೆ, ಹೊಲದಾಗೇ ದನಕರು. ಇದಕ್ಕೆ ನಾವು ವಸ್ತಿ ಅನ್ನುತ್ತೇವೆ. ನಮ್ಮ ವಸ್ತಿಗೆ ಇನ್ನೂ ಲೈನಿನ ಕಂಬ ಬಂದಿಲ್ಲ. ಅಣ್ಣನ ಮಗಳು ಈ ವರ್ಷ ಹತ್ತನೇತ್ತೆ. ರಾತ್ರಿ ಓದಲು ಬೆಳಕು ಬೇಕು. ಮಳೆಗೆ ನಮ್ಮಲ್ಲಿ ಬರ, ಬಿಸಿಲಿಗೆ ಬರವಿಲ್ಲ. "ಸೋಲಾರ್ ಕೂಡ್ರಿಸೋಣು, ಲೆಕ್ಕ ನೀ ಹಾಕು" ಎಂದ ಅಣ್ಣ. ಹಾಕಿದ ಲೆಕ್ಕ ನಿಮಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ದುಕಾನದಲ್ಲಿ ಮೊದಲು ಕೇಳುವುದು "ಎಷ್ಟು ವ್ಯಾಟಿನದು ಬೇಕ್ರಿ?" ಎಂದು. ಅದರ ಉತ್ತರ ನಮ್ಮ ಮನೆಯೊಳಗೇ ಇದೆ. 9 ವ್ಯಾಟಿನ ನಾಲ್ಕು ಎಲ್‌ಇಡಿ ಬಲ್ಬು 5 ತಾಸು ಉರಿದರೆ 180 ವ್ಯಾಟ್-ಅವರ್. 30 ವ್ಯಾಟಿನ ಎರಡು ಬಿಎಲ್‌ಡಿಸಿ ಫ್ಯಾನು 10 ತಾಸಿಗೆ 600. 60 ವ್ಯಾಟಿನ ಟಿ.ವಿ. 4 ತಾಸಿಗೆ 240. 500 ವ್ಯಾಟಿನ ಮಿಕ್ಸರ್ ಕಾಲು ತಾಸಿಗೆ 125. ಮೊಬೈಲುಗಳಿಗೆ 55. ಒಟ್ಟು 1,200. ಇನ್ವರ್ಟರ್ ತಿನ್ನುವುದನ್ನೂ ಸೇರಿಸಿದರೆ ದಿನಕ್ಕೆ ಸುಮಾರು 1,350.

ಮೋಡದ ದಿನಕ್ಕೆಂದು ಒಂದೂವರೆ ದಿನದ ಕರೆಂಟು ಬ್ಯಾಟರಿಯಲ್ಲಿರಬೇಕು, ಅಂದರೆ 2,025. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ನೂರಕ್ಕೆ 80ರಷ್ಟು ಬಳಸಬಹುದು. 25.6 ವೋಲ್ಟ್, 100 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 2,560 ಇರುತ್ತದೆ, ಸಾಕು. ಆಸಿಡ್ ಬ್ಯಾಟರಿಯಾದರೆ ಅರ್ಧಕ್ಕಿಂತ ಕೆಳಗಿಳಿಸಿದಷ್ಟೂ ಆಯುಷ್ಯ ಕಡಿಮೆ. 4,000ಕ್ಕೂ ಮೇಲಿನದು ಬೇಕಾದೀತು, ನೀರೂ ಹಾಕುತ್ತಿರಬೇಕು. ಲಿಥಿಯಂಗೆ ಮೊದಲು ರೊಕ್ಕ ಹೆಚ್ಚು, ಬಾಳಿಕೆಯೂ ಹೆಚ್ಚು.

ಮಳೆಗಾಲದಲ್ಲಿ ದಿನಕ್ಕೆ 4 ತಾಸಿನ ಪೂರ್ಣ ಬಿಸಿಲು ಎಂದು ಹಿಡಿಯೋಣ. ಕಾವು, ಧೂಳು, ವಾಯರಿನಲ್ಲಿ ಕಾಲು ಭಾಗ ಹೋಗುತ್ತದೆ. ಹಾಗಾಗಿ 450 ವ್ಯಾಟಿನ ಪ್ಯಾನೆಲ್ ಬೇಕು. ಖಾಲಿಯಾದ ಬ್ಯಾಟರಿ ಮತ್ತೆ ತುಂಬಲು 330ರ ಎರಡು ಹಾಕಿದರೆ ಒಳ್ಳೆಯದು. ಮುಖ ದಕ್ಷಿಣಕ್ಕೆ, ಓರೆ 17 ಡಿಗ್ರಿ. ಬೇವಿನ ಗಿಡದ ಒಂದು ಟೊಂಗೆಯ ನೆರಳು ಬಿದ್ದರೂ ಕರೆಂಟು ಬಹಳ ಕಡಿಮೆಯಾಗುತ್ತದೆ.

12 ವೋಲ್ಟಿಗಿಂತ 24 ವೋಲ್ಟಿನ ಜೋಡಣೆ ಲೇಸು. ಆಂಪಿಯರ್ ಅರ್ಧ, ವಾಯರ್ ಕಾಯುವುದು ಕಾಲು ಭಾಗ. ಬ್ಯಾಟರಿಯ ಬುಡದಲ್ಲೇ ಡಿಸಿ ಫ್ಯೂಜು ಇರಲಿ. ಮನೆಯ ಎಸಿ ಸ್ವಿಚ್ಚು ಆ ಕೆಲಸಕ್ಕೆ ನಡೆಯದು. ಚಾರ್ಜ್ ಕಂಟ್ರೋಲರ್‌ನಲ್ಲಿ ಲಿಥಿಯಂ ಸೆಟ್ಟಿಂಗ್, ಬ್ಯಾಟರಿಯೊಳಗೆ ಬಿಎಂಎಸ್ ಇದೆಯೇ ಕೇಳಿ. ಪತ್ರಾಸಿನ ಕೆಳಗೆ ಬ್ಯಾಟರಿ ಇಡಬೇಡಿ. ಏಪ್ರಿಲ್-ಮೇ ಕಾವು ಅದರ ಆಯುಷ್ಯ ತಿನ್ನುತ್ತದೆ.

"ಇದರಾಗ ಬೋರಿನ ಮೋಟಾರ್ ನಡೀತದೇನು?" ಎಂದು ಅಣ್ಣ ಕೇಳಿದ. ನಡೆಯದು. 5 ಎಚ್‌ಪಿ ಎಂದರೆ ಸುಮಾರು 3,700 ವ್ಯಾಟ್. ಅದಕ್ಕೆ ಬ್ಯಾಟರಿ ಇಲ್ಲದೆ ಹಗಲಿನಲ್ಲೇ ನಡೆಯುವ ಸೋಲಾರ್ ಪಂಪೇ ಸರಿ. ಮಹಾರಾಷ್ಟ್ರ ಸರಕಾರ 2024ರಲ್ಲಿ ತಂದ 'ಮಾಗೇಲ್ ತ್ಯಾಲಾ ಸೌರ ಕೃಷಿ ಪಂಪ' ಯೋಜನೆಯಲ್ಲಿ ಸಾಮಾನ್ಯ ರೈತನ ಪಾಲು ನೂರಕ್ಕೆ 10, ಪರಿಶಿಷ್ಟ ಜಾತಿ-ಪಂಗಡದವರದು 5. ಕರ್ನಾಟಕದವರ ಪಹಣಿ ಇದ್ದಂತೆ ನಮಗೆ ಸಾತಬಾರಾ ಉತಾರಾ. ಅದರಲ್ಲಿ ಬಾವಿ ಇಲ್ಲವೆ ಬೋರು ನಮೂದಾಗಿದೆಯೇ ಮೊದಲೇ ನೋಡಿಕೊಳ್ಳಿ.

ಗಡಿಯವರಾದ ನಮಗೆ ವಿಜಯಪುರದ ಪೇಟೆಯೂ ಹತ್ತಿರ, ಸಾಂಗಲಿಯ ಪೇಟೆಯೂ ಗೊತ್ತು. ಎಲ್ಲಿ ಕೊಂಡರೂ ಪಕ್ಕಾ ಬಿಲ್ಲಿನ ಮೇಲೆ ಬ್ಯಾಟರಿಯ ಸೀರಿಯಲ್ ನಂಬರ್ ಬರೆಸಿರಿ. ಕೆಟ್ಟರೆ ವಸ್ತಿಗೆ ಬಂದು ನೋಡುವವರಾರು, ಕೇಳಿರಿ. ನಾಲ್ಕು ರೂಪಾಯಿ ಅಗ್ಗವೆಂದು ಗಡಿ ದಾಟುವ ಮೊದಲು ಈ ಪ್ರಶ್ನೆಗೆ ಉತ್ತರ ಸಿಗಲಿ.